ಹುಳ ತಿಂದ ಸೊನ್ನೆ

ಸುರುಳಿ ಬಿಚ್ಚಿದೆ. ಮೊದಲು ಬಂದದ್ದು ವಾಸನೆ:
ಊದುಬತ್ತಿ, ಇಲಿ, ಯಾರದೋ ಚಳಿಗಾಲ.
ಆಮೇಲೆ ಅದು.
ಒಂದೇ ಉಸಿರಲ್ಲಿ ಎಳೆದ ಮಸಿಯ ಸೊನ್ನೆ;
ಎಡಗಡೆ ಕೆಳಗೆ ಹುಟ್ಟಿ, ಸುತ್ತಿ ಬಂದು,
ತನ್ನ ಬಾಲ ತಾನು ಮುಟ್ಟಲೋ ಬೇಡವೋ ಎನ್ನುವಷ್ಟರಲ್ಲಿ
ಬತ್ತಿಹೋದ ಕುಂಚ.
ಮೇಲ್ಗಡೆ, ಕಪ್ಪು ಎಲ್ಲಕ್ಕಿಂತ ದಟ್ಟವಾದಲ್ಲಿ
ಹುಳ ತಿಂದ ದಾರಿ.
ಬೆರಳುದ್ದ, ಸೊಟ್ಟ, ಅವಸರವಿಲ್ಲದ್ದು.

ಭಕ್ತಮಂಡಳಿಯ ಅಧ್ಯಕ್ಷರು, ಹೆಂಚಿನ ವ್ಯಾಪಾರದ ಕುಸಾಕಾಬೆ,
ಟೋಪಿ ಮಂಡಿಯ ಮೇಲಿಟ್ಟು ಹೇಳಿದರು:
ನವೆಂಬರಿಗೆ ಗುಡಿಗೆ ಮುನ್ನೂರು ವರ್ಷ. ಜನ ಬರುತ್ತಾರೆ.
ತೂತು ಕಾಣಬಾರದು ಹತಾನೊ ಅಮ್ಮ,
ಒಂದಿಷ್ಟು ಮಸಿ ತುಂಬಿಬಿಡಿ, ಎಷ್ಟಾದೀತು?
ಪಕ್ಕದಲ್ಲಿ ಎಳೆಯ ಗುರು ದೋನೆನ್
ತುಟಿ ಬಿಚ್ಚಲಿಲ್ಲ.
ತನ್ನ ಬಿಳಿ ಕಾಲುಚೀಲದ ತೂತನ್ನು
ಇನ್ನೊಂದು ಪಾದದಿಂದ ಮುಚ್ಚಿಕೊಂಡಿದ್ದ.

ಮಾವ ಹೇಳುತ್ತಿದ್ದರು:
ಕಾಗದಕ್ಕೆ ಕಾಗದ ಕೊಡು,
ಮಸಿಗೆ ಮಸಿ ಕೊಡಬೇಡ, ಅದು ಇನ್ನೊಬ್ಬರ ಉಸಿರು.
ಹೇಳಿ, ಕೆಮ್ಮಿ, ಸಿಗರೇಟು ಹಚ್ಚುತ್ತಿದ್ದರು.

ಅವರ ಗಡಿಗೆ ನೆಲದ ಹಲಗೆಯ ಕೆಳಗಿದೆ.
ಚೀಟಿಯಲ್ಲಿ ಅವರದೇ ಅಕ್ಷರ: ಹೇಸೇ ಇಪ್ಪತ್ತೈದು, ದೊಡ್ಡ ಚಳಿ.
ವರ್ಷದ ಅತಿ ಕೊರೆವ ದಿನ ಗೋಧಿಯ ಗಂಜಿ ಕಾಯಿಸಿ,
ಕೈ ಸೋಲುವವರೆಗೆ ತಿರುವಿ, ನೀರು ಹೊಯ್ದು ಮುಚ್ಚಿಟ್ಟರು.
ಚೆರ್ರಿ ಅರಳುವ ಮೊದಲೇ ಹೋದರು.
ಅಂದಿನಿಂದ ಪ್ರತಿ ಚಳಿಗೆ ಮುಚ್ಚಳ ತೆಗೆಯುವುದು ನಾನು,
ಬೂಸಲು ಕೆರೆಯುವುದು, ನೀರು ಬದಲಿಸುವುದು, ಮತ್ತೆ ಮುಚ್ಚುವುದು.
ನಾರುತ್ತದೆ, ಸುಳ್ಳು ಯಾಕೆ.
ಈಗ ಅದರಲ್ಲಿ ಅಂಟು ಇಲ್ಲವೆನ್ನುವಷ್ಟೇ ಅಂಟು.
ಅಷ್ಟೇ ಬೇಕಾದದ್ದು.
ನೂರು ವರ್ಷದಾಚೆ ಯಾರೋ ನೀರು ಸವರಿದರೆ
ಜಗಳವಾಡದೆ ಬಿಟ್ಟುಕೊಡಬೇಕು.
ಬಿಡಿಸಲು ಬರುವಂತೆ ಅಂಟಿಸುವುದು:
ನಮ್ಮ ವಿದ್ಯೆಯೆಲ್ಲ ಇಷ್ಟೇ.

ಆದರೂ ಆ ರಾತ್ರಿ ಮಸಿ ಅರೆದೆ.
ಒಪ್ಪಿಕೊಳ್ಳುತ್ತೇನೆ.
ಹದಿನೇಳು ಬಗೆಯ ಕಪ್ಪು ಗೊತ್ತು ನನಗೆ,
ಇದು ಒಂಬತ್ತನೆಯದು, ಒಂಚೂರು ನೀಲಿ.
ಸರೋವರದ ಗಾಳಿ ಬಾಗಿಲ ಕಾಗದ ತಟ್ಟುತ್ತಿತ್ತು.
ಕುಂಚ ಎತ್ತಿದೆ. ಯಾರಿಗೂ ತಿಳಿಯುತ್ತಿರಲಿಲ್ಲ.
ಆಗ ಸುರುಳಿಯ ಬಟ್ಟೆಯೊಳಗಿಂದ
ಓಡಿ ಬಂತೊಂದು ಬೆಳ್ಳಿಹುಳ.
ಹೆಬ್ಬೆರಳಿಂದ ಒತ್ತಿದೆ. ಕಸುಬು ಕಸುಬೇ.
ಬೆರಳ ಮೇಲೆ ಬೂದು ಪುಡಿ:
ಅದರ ರೆಕ್ಕೆಯಿಲ್ಲದ ಮೈಯೋ,
ಇನ್ನೂರು ವರ್ಷದ ಹಿಂದಿನ ಒಬ್ಬ ಸನ್ಯಾಸಿಯ ಮಸಿಯೋ
ದೀಪಕ್ಕೆ ಹಿಡಿದರೂ ಹೇಳಲಾಗಲಿಲ್ಲ.

ಮತ್ತೆ ಚಿತ್ರ ನೋಡಿದೆ.
ಹುಳ ಕಪ್ಪನ್ನು ಅಡ್ಡಹಾಯ್ದಿತ್ತು,
ಒಳಗಿನ ಬಯಲಿಂದ ಹೊರಗಿನ ಬಯಲಿಗೆ
ಒಂದು ಕಾಲುದಾರಿ.
ಯಾವ ಗುರುವೂ ಕಲಿಸಿರಲಿಲ್ಲ. ಹಸಿವಾಗಿತ್ತು, ತಿಂದಿತ್ತು.

ಕುಂಚ ತೊಳೆದೆ. ಮಾವನ ಗೋಂದು ತೆಳುವಾಗಿ ಸವರಿ
ಹಿಪ್ಪುನೇರಳೆ ನಾರಿನ ಕಾಗದ
ಹಿಂದಿನಿಂದ ಕೂರಿಸಿದೆ, ಬರಿದಾಗಿಯೇ.
ಅರೆದ ಮಸಿ ದಂಡವಾಗಬಾರದಲ್ಲ,
ಅದರಲ್ಲೇ ಬಿಲ್ಲು ಬರೆದೆ.

ಬೆಳಿಗ್ಗೆ ಮೂಲೆಯ ನರಿದೇವರಿಗೆ,
ಮೀನಿನಂಗಡಿಯವಳು ಒಗೆದು ಕಟ್ಟಿದ ಕೆಂಪು ಕೊರಳುಬಟ್ಟೆಯ,
ಒಂದು ಕಿವಿ ಮುರಿದ ನರಿಗೆ,
ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿದೆ.
ಏನೂ ಕೇಳಲಿಲ್ಲ. ಕೊಟ್ಟುಬಿಟ್ಟರೆ?

ಕುಸಾಕಾಬೆ ದುಡ್ಡು ಕೊಟ್ಟರು, ಮಾತು ಬಿಟ್ಟರು.
ನವೆಂಬರಿನಲ್ಲಿ ಜನ ಬಂದರಂತೆ,
ಸಾರು ಚೆನ್ನಾಗಿತ್ತಂತೆ.

ಜನವರಿಯ ದೊಡ್ಡ ಚಳಿಗೆ ದೋನೆನ್ ತಾನಾಗಿ ಬಂದ,
ತೋಳು ಮಡಿಚಿ, ಗಂಜಿ ತಿರುವಲು.
ಕಾಲುಚೀಲ ಹೊಲಿದುಕೊಂಡಿದ್ದಾನೆ,
ಬಿಳಿಗೆ ನೀಲಿ ದಾರ, ಹೊಲಿಗೆಯಂತೂ ದೇವರಿಗೇ ಪ್ರೀತಿ.
ನನಗೆ ಅರವತ್ತೆಂಟು. ಲೆಕ್ಕ ಇಬ್ಬರೂ ಹಾಕಿದೆವು,
ಇಬ್ಬರೂ ಆಡಲಿಲ್ಲ.
ತಳ ಹಿಡಿಯುತ್ತಿದೆ, ಬೇಗ ತಿರುವು, ಎಂದೆ.